ಬೆಲ್ಲಳ ಹೊಟ್ಟೆ ಯಾಕೆ ಪದೇ ಪದೇ ಕೆಡ್ತಿತ್ತು? ಒಂದು ಎಕ್ಸೆಲ್ ಶೀಟ್ ಹೇಳಿದ ಕಥೆ



ಈ ಪಾಡ್‌ಕಾಸ್ಟ್‌ಗೆ ನೀವು ಬರೋದು ಸಾಮಾನ್ಯವಾಗಿ ದುಡ್ಡಿನ ವಿಷಯ ಕೇಳೋಕೆ. ಎಸ್‌ಐಪಿ, ಟರ್ಮ್ ಇನ್ಶೂರೆನ್ಸ್, ಐಟಿ ರಿಟರ್ನ್ಸ್. ಇವತ್ತು ಅದ್ಯಾವುದೂ ಇಲ್ಲ. 2024ರ ನವೆಂಬರ್‌ನಲ್ಲಿ ಮೂರು ವಾರ ಸಂಚಿಕೆ ಬರಲಿಲ್ಲ, ನೆನಪಿದೆಯಲ್ಲ? "ನಾಯಿಗೆ ಹುಷಾರಿಲ್ಲ" ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಒಂದೇ ಸಾಲು ಹಾಕಿ ಸುಮ್ಮನಾಗಿದ್ದೆ. ಅದಕ್ಕೆ ಬಂದ ಮೆಸೇಜ್‌ಗಳಲ್ಲಿ ಅರ್ಧ "ಈಗ ಹೇಗಿದ್ದಾಳೆ" ಅಂತ. ಇನ್ನರ್ಧ, "ನಮ್ಮ ನಾಯಿಗೂ ಹೀಗೇ ಅಕ್ಕ, ತಿಂಗಳಿಗೊಂದ್ಸಲ ವಾಂತಿ, ಭೇದಿ, ಯಾಕೆ ಅಂತಾನೇ ಗೊತ್ತಾಗ್ತಿಲ್ಲ" ಅಂತ. ಆ ಎರಡನೇ ಗುಂಪಿನವರಿಗೆ ಒಂದೊಂದಾಗಿ ಉತ್ತರ ಬರೆಯೋದು ನನ್ನ ಕೈಲಿ ಆಗಲಿಲ್ಲ. ಅದಕ್ಕೇ ಈ ಸಂಚಿಕೆ.

ಮೊದಲೇ ಹೇಳಿಬಿಡ್ತೀನಿ. ನಾನು ಬಿ.ಕಾಂ. ಓದಿದವಳು. ಹಗಲು ಹೊತ್ತು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ವೋಚರ್ ನೋಡ್ತೀನಿ. ಪಶುವೈದ್ಯೆ ಅಲ್ಲ. ಇಲ್ಲಿ ಹೇಳೋ ಔಷಧದ ಹೆಸರುಗಳನ್ನ ದಯವಿಟ್ಟು ಬರೆದುಕೊಂಡು ಮೆಡಿಕಲ್ ಸ್ಟೋರ್‌ಗೆ ಹೋಗಬೇಡಿ.

ಬೆಲ್ಲ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ಮರಿ. ಬೀದಿ ನಾಯಿಯೇ, ನಮ್ಮ ದೇಸಿ ತಳಿ. ಹೊಸ ಬೆಲ್ಲದ ಬಣ್ಣ ಇತ್ತು ಅಂತ ಅಮ್ಮ ಆ ಹೆಸರಿಟ್ಟರು. ಆಸ್ಪತ್ರೆ ಫೈಲ್‌ಗಳಲ್ಲೆಲ್ಲ ಇಂಗ್ಲಿಷ್ ಹೆಸರಿನ ಹಾಗೆ "ಬೆಲ್ಲಾ" ಅಂತ ಬರೆದಿದ್ದಾರೆ, ನಾನು ತಿದ್ದೋಕೆ ಹೋಗಲಿಲ್ಲ. ಮೂರು ವರ್ಷ ಒಂದು ದಿನವೂ ಹುಷಾರು ತಪ್ಪಿದವಳಲ್ಲ. ಇಡ್ಲಿ, ಮುದ್ದೆ, ಮೂಳೆ, ಒಂದ್ಸಲ ನನ್ನ ಚಪ್ಪಲಿ, ಎಲ್ಲ ಅರಗಿಸಿಕೊಂಡಿದ್ದಳು.

2023ರ ಯುಗಾದಿಗೆ ಹಾಸನದ ಮನೆಗೆ ಕಾರಲ್ಲಿ ಕರೆದುಕೊಂಡು ಹೋದ್ವಿ. ಮನೆ ತುಂಬಾ ನೆಂಟರು. ವಾಪಸ್ ಬಂದ ಮಾರನೇ ದಿನ ಶುರುವಾಯ್ತು. ಹಳದಿ ನೊರೆ ವಾಂತಿ, ನೀರಿನಂಥ ಭೇದಿ, ಊಟದ ತಟ್ಟೆ ಕಡೆ ತಿರುಗಿಯೂ ನೋಡಲ್ಲ. ಎಲ್ಲರ ಬೆರಳೂ ಹೋಳಿಗೆ ಕಡೆಗೆ. ಚಿಕ್ಕಪ್ಪನ ಮಕ್ಕಳು ಕದ್ದು ತಿನ್ನಿಸಿದ್ದು ನಿಜ. ಡಾಕ್ಟರ್ ಡ್ರಿಪ್ ಹಾಕಿ, ಎರಡು ಇಂಜೆಕ್ಷನ್ ಕೊಟ್ಟು, "ಹಬ್ಬದ ಊಟ ಕಣಮ್ಮ, ಎರಡು ದಿನ ಮೊಸರನ್ನ ಕೊಡಿ" ಅಂದರು. ಸಂಜೆಗೇ ಬಾಲ ಅಲ್ಲಾಡಿಸಿದಳು. ನಾವು ನಕ್ಕು ಮರೆತುಬಿಟ್ವಿ.

ಮೇ ತಿಂಗಳಲ್ಲಿ ಮತ್ತೆ. ಆಗಸ್ಟ್‌ನಲ್ಲಿ ಮತ್ತೆ. ನವೆಂಬರ್‌ನಲ್ಲಿ ಮತ್ತೆ. ಪ್ರತಿ ಸಲವೂ ಅದೇ ನಾಟಕ, ಅದೇ ಡ್ರಿಪ್, ಅದೇ ಒಂದೇ ದಿನದಲ್ಲಿ ಚೇತರಿಕೆ. ಆದರೆ ಕಾರಣ ಮಾತ್ರ ಪ್ರತಿ ಸಲ ಹೊಸದು. ಹುಲ್ಲು ತಿಂದಿರಬೇಕು. ಹಲ್ಲಿ ತಿಂದಿರಬೇಕು. ಜಂತುಹುಳ ಇರಬೇಕು.

ಜಂತುಹುಳದ ವಿಷಯದಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಬಹಳ ನಾಯಿಗಳಿಗೆ ನಿಜವಾದ ಕಾರಣ ಅಲ್ಲೇ ಸಿಗುತ್ತೆ. ನಮ್ಮಲ್ಲಿ ಎಷ್ಟೋ ಜನ ಮಲ ಪರೀಕ್ಷೆ ಒಂದ್ಸಲ ಮಾಡಿಸಿ "ನೆಗೆಟಿವ್ ಬಂತು" ಅಂತ ಬಿಟ್ಟುಬಿಡ್ತಾರೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಗೊತ್ತಾಗಿದ್ದು, ಜಿಯಾರ್ಡಿಯಾ ಅನ್ನೋ ಸೂಕ್ಷ್ಮಜೀವಿಯಾಗಲಿ, ಚಾಟಿಹುಳದ ಮೊಟ್ಟೆಯಾಗಲಿ ಮಲದಲ್ಲಿ ದಿನಾ ಕಾಣಿಸಿಕೊಳ್ಳೋದಿಲ್ಲ. ಒಂದು ದಿನ ಇರುತ್ತೆ, ಇನ್ನೊಂದು ದಿನ ಇರಲ್ಲ. ಅದಕ್ಕೇ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೊಡಿ ಅಂತಾರೆ. ನಾವು ಕೊಟ್ವಿ. ಮೂರೂ ನೆಗೆಟಿವ್. ಆದರೂ ಯಾಕೆ ಅನುಮಾನ ಅಂತ ಡಾಕ್ಟರ್ ಐದು ದಿನ ಫೆನ್‌ಬೆಂಡಜೋಲ್ ಕೊಡಿಸಿದರು. ಹುಳ ಇದ್ದಿದ್ದರೆ ಅಲ್ಲಿಗೆ ಕಥೆ ಮುಗೀಬೇಕಿತ್ತು.

2023ರ ಡಿಸೆಂಬರ್‌ನಲ್ಲಿ ನಾನು ಮಾಡಿದ ಒಂದು ಕೆಲಸ ಇದೆ. ಹೇಳೋಕೆ ಇವತ್ತಿಗೂ ಮುಜುಗರ. ನಾವು ಆಗ ಇದ್ದ ಅಪಾರ್ಟ್‌ಮೆಂಟ್‌ನಲ್ಲಿ ರಾಯಚೂರು ಕಡೆಯ ಒಬ್ಬ ವಾಚ್‌ಮನ್ ಇದ್ದರು. ವಯಸ್ಸಾದವರು, ನಾನು ತಾತ ಅಂತಿದ್ದೆ. ಬೆಲ್ಲ ಗೇಟ್ ಹತ್ರ ಹೋದ ಕೂಡಲೇ ಅವರ ಜೇಬು ಮೂಸ್ತಾಳೆ ಅನ್ನೋದನ್ನ ಗಮನಿಸಿದೆ. ಸೀದಾ ಹೋಗಿ ಕೇಳಿದೆ. ಅವರು, "ದಿನಾ ಒಂದ ಬಿಸ್ಕೀಟ್ ಹಾಕ್ತೀನ್ರಿ ಅಕ್ಕಾರ, ಸುಳ್ಳ್ ಯಾಕ್ ಹೇಳ್ಲಿ" ಅಂದರು. ಗ್ಲೂಕೋಸ್ ಬಿಸ್ಕತ್. ನಾನು ಕೂಗಾಡಿಬಿಟ್ಟೆ. "ನಿಮ್ಮಿಂದಲೇ ನಮ್ಮ ನಾಯಿ ಸಾಯ್ತಾ ಇರೋದು" ಅನ್ನೋ ಮಾತೂ ಬಂತು ಬಾಯಲ್ಲಿ. ಅವರು ಏನೂ ಎದುರು ಮಾತಾಡಲಿಲ್ಲ. ಮಾರನೇ ದಿನದಿಂದ ಬೆಲ್ಲ ಹತ್ರ ಹೋದರೆ ಆ ಮನುಷ್ಯ ಕುರ್ಚಿಯಿಂದ ಎದ್ದು ಒಳಗೆ ಹೋಗ್ತಿದ್ದರು. ಅವಳು ಗೇಟ್ ಹತ್ರ ಕೂತು ಕಾಯ್ತಿದ್ದಳು.

ಬಿಸ್ಕತ್ ನಿಂತಿತು. 2024ರ ಫೆಬ್ರವರಿಯಲ್ಲಿ ಅಕ್ಕನ ಸೀಮಂತಕ್ಕೆ ಊರಿಗೆ ಹೋಗಿ ಬಂದ್ವಿ, ಎರಡೇ ದಿನಕ್ಕೆ ಮತ್ತೆ ವಾಂತಿ. ಆ ಸಲ ಹಾಸನದಲ್ಲಿ ಅಜ್ಜಿ ಕೈಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬೆಲ್ಲಳಿಗೆ ಮೂರು ಸುತ್ತು ದೃಷ್ಟಿ ತೆಗೆದು ಒಲೆಗೆ ಹಾಕಿದ್ದರು. ಘಾಟೇ ಬರಲಿಲ್ಲವಂತೆ. "ನೋಡು, ಎಷ್ಟು ದೃಷ್ಟಿ ಆಗಿದೆ ಕೂಸಿಗೆ" ಅಂದಿದ್ದರು. ಈ ಉಪ್ಪಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೆ.

ಆಗ ಬೇರೆ ಡಾಕ್ಟರ್ ಹತ್ರ ಹೋದ್ವಿ. ಅವರು ಫುಡ್ ಅಲರ್ಜಿ ಇರಬಹುದು ಅಂದರು. ಒಳ್ಳೆ ಅನುಮಾನವೇ. ಚಿಕನ್, ಹಾಲು, ಗೋಧಿ ಒಗ್ಗದ ನಾಯಿಗಳು ಬೇಕಾದಷ್ಟಿವೆ. ಇದಕ್ಕೆ ರಕ್ತ ಪರೀಕ್ಷೆಗಿಂತ ಪಥ್ಯವೇ ನಂಬಿಕೆಯ ದಾರಿ. ಇಲ್ಲಿವರೆಗೆ ತಿನ್ನದೇ ಇರೋ ಒಂದೇ ಒಂದು ಮಾಂಸ, ಇಲ್ಲಾ ಪ್ರೋಟೀನನ್ನ ಸಣ್ಣ ಸಣ್ಣ ತುಣುಕಾಗಿ ಒಡೆದು ಮಾಡಿದ ವಿಶೇಷ ಆಹಾರ. ಅದು ಬಿಟ್ಟು ಬಾಯಿಗೆ ಬೇರೇನೂ ಬೀಳಬಾರದು. ಮಾಂಸದ ರುಚಿ ಹಾಕಿದ ಮಾತ್ರೆ ಕೂಡ ಲೆಕ್ಕಕ್ಕೆ ಬರುತ್ತೆ. ಚರ್ಮದ ತುರಿಕೆಗಾದರೆ ಎಂಟು ವಾರ ಕಾಯಬೇಕು, ಹೊಟ್ಟೆಯದ್ದಾದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲೇ ವ್ಯತ್ಯಾಸ ಕಾಣುತ್ತೆ. ಆ ವಿಶೇಷ ಆಹಾರದ ಚೀಲದ ಬೆಲೆ ನೋಡಿ ಅಮ್ಮ "ಇದೇನು ಗೋಡಂಬಿನಾ?" ಅಂದರು. ತಂದ್ವಿ. ಮನೆಯಲ್ಲಿ ಎಲ್ಲರೂ ಬಾಗಿಲು ಹಾಕ್ಕೊಂಡು ಊಟ ಮಾಡೋ ಹಾಗಾಯ್ತು.

ಆರು ವಾರ ಚಿನ್ನದ ಹಾಗಿದ್ದಳು. ನಾನು ಗೆದ್ದೆ ಅಂದುಕೊಂಡೆ. ಏಪ್ರಿಲ್‌ನಲ್ಲಿ ಆರನೇ ಸಲ ಬಂತು.

ಆ ವರ್ಷದ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತೆ. ಬೋರ್‌ವೆಲ್‌ಗಳು ಒಣಗಿ, ಎಲ್ಲಿ ನೋಡಿದರೂ ಟ್ಯಾಂಕರ್. ನಮ್ಮ ಅಪಾರ್ಟ್‌ಮೆಂಟ್‌ಗೂ ಟ್ಯಾಂಕರ್ ನೀರೇ. ಸರಿ, ನೀರಿನ ಮೇಲೆ ಅನುಮಾನ. ನಮ್ಮ ಆರ್‌ಒ ನೀರನ್ನೂ ಮತ್ತೆ ಕುದಿಸಿ, ಆರಿಸಿ ಅವಳಿಗೆ ಕೊಡೋಕೆ ಶುರು ಮಾಡಿದೆ. ಅದೇ ವಾರ ಪಕ್ಕದ ಸೈಟ್‌ನಲ್ಲಿ ಎರಡು ರಾತ್ರಿ ಬೋರ್‌ವೆಲ್ ಕೊರೆದಿದ್ದರು, ಕಿಟಕಿ ಗಾಜು ನಡುಗ್ತಿತ್ತು. ಬೆಲ್ಲ ಮಂಚದ ಕೆಳಗಿಂದ ಈಚೆ ಬಂದಿರಲಿಲ್ಲ. ಅದು ನನಗೆ ನೆನಪಿತ್ತು, ಆದರೆ ಹೊಟ್ಟೆಗೂ ಅದಕ್ಕೂ ಸಂಬಂಧ ಅಂತ ಹೊಳೆಯಲಿಲ್ಲ.

ಇಷ್ಟು ಹೊತ್ತಿಗೆ ನನಗೆ ಕೋಪ ಬಂದಿತ್ತು. ಯಾರ ಮೇಲೆ ಅಂತ ಗೊತ್ತಿಲ್ಲ. ಆಫೀಸ್‌ನಲ್ಲಿ ಎರಡು ರೂಪಾಯಿ ತಾಳೆ ಆಗಲಿಲ್ಲ ಅಂದ್ರೆ ರಾತ್ರಿ ಎಂಟರ ತನಕ ಕೂತು ಹುಡುಕ್ತೀವಿ. ಮನೆಯಲ್ಲಿ ಒಂದು ಜೀವ ಆರು ಸಲ ಮಲಗಿದೆ, ನನ್ನ ಹತ್ರ ಒಂದು ಸರಿಯಾದ ದಿನಾಂಕ ಕೂಡ ಇಲ್ಲ. ಒಂದು ಭಾನುವಾರ ಕೂತೆ. ಅಮ್ಮನಿಗೆ ಬಿಲ್ ಎಸೆಯೋ ಅಭ್ಯಾಸ ಇಲ್ಲ, ಎಲ್ಲ ಒಂದು ಸೀರೆ ಡಬ್ಬದಲ್ಲಿ ಇಟ್ಟಿದ್ದರು. ಬಿಲ್, ಚೀಟಿ, ಲ್ಯಾಬ್ ರಿಪೋರ್ಟ್, ವಾಟ್ಸ್ಆ್ಯಪ್‌ನಲ್ಲಿ ಅಕ್ಕನಿಗೆ ಕಳಿಸಿದ್ದ ಫೋಟೊಗಳು, ಎಲ್ಲ ಸೇರಿಸಿ ಎಕ್ಸೆಲ್ ಶೀಟ್ ಮಾಡಿದೆ. ದಿನಾಂಕ, ಹಿಂದಿನ ಮೂರು ದಿನದ ಊಟ, ವಾಂತಿ ಎಷ್ಟು ಸಲ, ಮಲ ಹೇಗಿತ್ತು, ಏನು ಔಷಧ, ಎಷ್ಟು ಗಂಟೆಗೆ ಚೇತರಿಸಿಕೊಂಡಳು, ಖರ್ಚು. ಖರ್ಚಿನ ಕಾಲಂ ಬೇಡವಾಗಿತ್ತು, ಆದರೆ ಕೈ ಕೇಳಬೇಕಲ್ಲ.

ಊಟದ ಕಾಲಂ ಯಾವುದಕ್ಕೂ ತಾಳೆ ಆಗಲಿಲ್ಲ. ಚಿಕನ್ ತಿಂದ ವಾರ ಚೆನ್ನಾಗಿದ್ದಾಳೆ, ಪಥ್ಯದಲ್ಲಿದ್ದಾಗ ಮಲಗಿದ್ದಾಳೆ.

ಜೂನ್‌ನಲ್ಲಿ ಮನೆ ಬದಲಾಯಿಸಿದ್ವಿ. ಪೆಟ್ಟಿಗೆ ಬಿಚ್ಚೋ ಮೊದಲೇ ಏಳನೇ ಸಲ. ಆಗಸ್ಟ್‌ನಲ್ಲಿ ಎಂಟನೇ ಸಲ. ಈ ಎಂಟನೇದು ಬಂದ ದಿನ ಶೀಟ್ ತುಂಬಿಸ್ತಾ ಕೂತಿದ್ದಾಗ ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯ್ತು. ಹೊಸ ಮನೆಗೆ ಕಾವೇರಿ ನೀರು. ಹೊಸ ಮನೆಯಲ್ಲಿ ವಾಚ್‌ಮನ್ ಇಲ್ಲ. ಟ್ಯಾಂಕರ್ ಇಲ್ಲ, ಬಿಸ್ಕತ್ ಇಲ್ಲ, ಕಾಯಿಲೆ ಮಾತ್ರ ಜೊತೆಯಲ್ಲೇ ಬಂದಿದೆ. ಅಂದ್ರೆ ತಾತ ನಿರಪರಾಧಿ. ಅವರನ್ನ ಬೈದು ಎಂಟು ತಿಂಗಳಾಗಿತ್ತು.

ಸೆಪ್ಟೆಂಬರ್‌ನಲ್ಲಿ ಗಣೇಶ ವಿಸರ್ಜನೆ. ನಮ್ಮ ಬೀದಿಯಲ್ಲೇ ತಮಟೆ, ಪಟಾಕಿ. ಎರಡನೇ ದಿನ ಒಂಬತ್ತನೇ ಸಲ. ಆಗ ಮಾತ್ರ ನಾನು ಶೀಟ್‌ಗೆ ಇನ್ನೊಂದು ಕಾಲಂ ಹಾಕಿದೆ. "ಮನೆಯಲ್ಲಿ ಏನಾಯ್ತು" ಅಂತ. ಯುಗಾದಿ, ಪ್ರಯಾಣ, ನೆಂಟರು. ಮೇ ತಿಂಗಳಲ್ಲಿ ನಾವು ಧರ್ಮಸ್ಥಳಕ್ಕೆ ಹೋಗೋಕೆ ಅವಳನ್ನ ಮೊದಲ ಸಲ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದು. ನವೆಂಬರ್, ದೀಪಾವಳಿ. ಫೆಬ್ರವರಿ, ಸೀಮಂತ. ಏಪ್ರಿಲ್, ಬೋರ್‌ವೆಲ್. ಜೂನ್, ಮನೆ ಶಿಫ್ಟ್. ಗಣೇಶ. ಎರಡೂ ಆಗಸ್ಟ್ ಬಿಟ್ಟರೆ ಒಂಬತ್ತರಲ್ಲಿ ಏಳು ಸಲ, ಅವಳು ಹೆದರಿದ ಅಥವಾ ದಣಿದ ನಾಲ್ಕು ದಿನದೊಳಗೆ.

ಇದನ್ನ ಫೋನ್‌ನಲ್ಲಿ ತೆಗೆದು ಒಬ್ಬ ಡಾಕ್ಟರಿಗೆ ತೋರಿಸಿದೆ. ಅವರು ನಕ್ಕು, "ನಾಯಿಗೂ ಟೆನ್ಶನ್ನಾ? ಕಾಲ ಹೀಗಾಯ್ತಲ್ಲಪ್ಪ" ಅಂದರು. ಅವರ ಮೇಲೆ ಪೂರ್ತಿ ತಪ್ಪು ಹಾಕೋಕೆ ಆಗಲ್ಲ, ಯಾಕಂದ್ರೆ ನಾನೂ ತಪ್ಪು ಅರ್ಥವನ್ನೇ ಮಾಡಿಕೊಂಡಿದ್ದೆ. ಬೆಲ್ಲ ಪುಕ್ಕಲು ನಾಯಿ, ಹೆದರಿದರೆ ಹೊಟ್ಟೆ ಕೆಡುತ್ತೆ, ಪರೀಕ್ಷೆ ದಿನ ನನಗಾಗ್ತಿತ್ತಲ್ಲ ಹಾಗೆ, ಅಂದುಕೊಂಡೆ. ದೀಪಾವಳಿಗೆ ಒಂದು ರೂಮನ್ನ ಸಿದ್ಧ ಮಾಡಿದೆ. ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ಜೋರಾಗಿ ಹಾಕಿ, ಹಳೇ ರಾಜ್‌ಕುಮಾರ್ ಹಾಡುಗಳನ್ನ ಹಚ್ಚಿ.

ನವೆಂಬರ್ 1, ರಾಜ್ಯೋತ್ಸವದ ರಾತ್ರಿ. ಹತ್ತೂವರೆಗೆ ರೂಮಿನ ಬಾಗಿಲು ತೆಗೆದೆ. ಬೆಲ್ಲ ಏಳಲಿಲ್ಲ. ಎತ್ತಿ ನಿಲ್ಲಿಸಿದರೆ ಹಿಂಗಾಲು ಮಡಿಚಿಕೊಳ್ತಿದೆ. ವಸಡು ಬಿಳಿಚಿಕೊಂಡಿದೆ, ಕಿವಿ ತಣ್ಣಗಿದೆ. ಎರಡು ಕ್ಯಾಬ್‌ನವರು ನಾಯಿ ಅಂದ ಕೂಡಲೇ ಕ್ಯಾನ್ಸಲ್ ಮಾಡಿದರು. ಕೆಳಗಿನ ಮನೆ ಅಂಕಲ್, ಅಲ್ಲಿವರೆಗೂ ನಮ್ಮ ನಾಯಿ ಬೊಗಳುತ್ತೆ ಅಂತ ಓನರ್‌ಗೆ ದೂರು ಹೇಳ್ತಿದ್ದವರು, ಬನಿಯನ್‌ನಲ್ಲೇ ಕಾರ್ ತೆಗೆದರು. ರಸ್ತೆ ತುಂಬಾ ಪಟಾಕಿ ಹೊಗೆ. ಅಮ್ಮ ಹಿಂದೆ ಕೂತು ಬೆಲ್ಲಳ ಎದೆ ಮೇಲೆ ಕೈ ಇಟ್ಟು "ಹೊಡ್ಕೊಳ್ತಿದೆ, ಹೊಡ್ಕೊಳ್ತಿದೆ" ಅಂತ ಹೇಳ್ತಾನೇ ಇದ್ದರು.

ರಾತ್ರಿಯೆಲ್ಲ ತೆರೆದಿರೋ ಆಸ್ಪತ್ರೆ. ಮೊದಲು ನೋಡಿದವರು ರಕ್ತ ಪರೀಕ್ಷೆ ಮಾಡಿ, ಯೂರಿಯಾ, ಕ್ರಿಯಾಟಿನಿನ್ ಎರಡೂ ಮೇಲೆ ಹೋಗಿದೆ, ಕಿಡ್ನಿ ಫೇಲ್ ಆಗ್ತಿರಬಹುದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದರು. ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಡ್ಯೂಟಿಯಲ್ಲಿದ್ದ ಇನ್ನೊಬ್ಬ ಡಾಕ್ಟರ್ ಬಂದರು. ನನಗಿಂತ ಚಿಕ್ಕವರೇನೋ ಅನ್ನೋ ಹಾಗಿದ್ದ ಹುಡುಗಿ. ಸ್ಟೆತ್ ಇಟ್ಟು ಸುಮಾರು ಹೊತ್ತು ಕೇಳಿದರು. ಆಮೇಲೆ ಒಂದು ಮಾತು ಹೇಳಿದರು, ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಇಷ್ಟು ಶಾಕ್‌ನಲ್ಲಿರೋ ನಾಯಿಗೆ ಹಾರ್ಟ್ ಓಡಬೇಕು. ಇದು ಯಾಕೆ ನಿಧಾನ ಇದೆ?" ಕೂಡಲೇ ಇಸಿಜಿ ಹಾಕಿಸಿದರು, ಎಲೆಕ್ಟ್ರೊಲೈಟ್ ಮಾಡಿಸಿದರು. ನನ್ನ ಕಡೆ ತಿರುಗಿ, "ಇದಕ್ಕೆ ಮುಂಚೆ ಹೀಗೆ ಯಾವಾಗಾದ್ರೂ ಆಗಿತ್ತಾ?" ಅಂತ ಕೇಳಿದರು. ನಾನು ಫೋನ್ ತೆಗೆದು ಶೀಟ್ ಕೊಟ್ಟೆ. ಅವರು ನಿಂತಲ್ಲೇ ಓದಿದರು. ಬೆರಳಿಂದ ಪಕ್ಕಕ್ಕೆ ತಳ್ಳಿ ತಳ್ಳಿ ಕೊನೇ ಕಾಲಂಗೆ ಬಂದು, ಮತ್ತೆ ವಾಪಸ್ ಔಷಧದ ಕಾಲಂಗೆ ಹೋಗಿ, "ಪ್ರತಿ ಸಲವೂ ಡೆಕ್ಸಾ ಕೊಟ್ಟಿದ್ದಾರಲ್ವಾ" ಅಂದರು.

ರಿಪೋರ್ಟ್ ಬಂತು. ಸೋಡಿಯಂ 126, ಪೊಟ್ಯಾಸಿಯಂ 7.8. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿದರೆ ಹದಿನಾರರ ಹತ್ತಿರ. ಆರೋಗ್ಯವಾಗಿರೋ ನಾಯಿಗೆ ಈ ಅನುಪಾತ ಸಾಮಾನ್ಯವಾಗಿ 27ರ ಮೇಲೆ ಇರಬೇಕು. ಹೃದಯ ನಿಧಾನ ಆಗಿದ್ದು ಪೊಟ್ಯಾಸಿಯಂನಿಂದ. ಇನ್ನೂ ಏರಿದ್ದರೆ ನಿಂತೇ ಹೋಗ್ತಿತ್ತು.

ಕಾಯಿಲೆಯ ಹೆಸರು ಅಡಿಸನ್ಸ್. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಅನ್ನೋ ವೈದ್ಯರು ಮನುಷ್ಯರಲ್ಲಿ ಇದನ್ನ ವಿವರಿಸಿದ್ದರು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಗೂ ಇದೇ ಇತ್ತು. ಅಮ್ಮ ಈಗ ನೆಂಟರಿಗೆ ಹೇಳುವಾಗ ಅಲ್ಲಿಂದಲೇ ಶುರು ಮಾಡ್ತಾರೆ, "ಅಮೆರಿಕಾ ಪ್ರೆಸಿಡೆಂಟ್‌ಗೆ ಬಂದಿದ್ದ ಕಾಯಿಲೆ" ಅಂತ.

ವಿಷಯ ಇಷ್ಟು. ಎರಡು ಕಿಡ್ನಿಯ ಪಕ್ಕ ಅಡ್ರಿನಲ್ ಅನ್ನೋ ಎರಡು ಪುಟ್ಟ ಗ್ರಂಥಿ ಇರುತ್ತೆ. ಅವು ಎರಡು ಮುಖ್ಯ ಹಾರ್ಮೋನ್ ಮಾಡ್ತವೆ. ಒಂದು ಕಾರ್ಟಿಸಾಲ್. ಹೆದರಿಕೆ, ಪ್ರಯಾಣ, ಜ್ವರ, ಯಾವುದೇ ಒತ್ತಡ ಬಂದಾಗ ದೇಹ ಅದನ್ನ ಹೆಚ್ಚು ಬಿಟ್ಟು ನಿಭಾಯಿಸುತ್ತೆ. ಹೊಟ್ಟೆ, ಕರುಳಿನ ಒಳಪದರ ಸರಿಯಾಗಿರೋಕೂ ಅದು ಬೇಕು. ಇನ್ನೊಂದು ಆಲ್ಡೋಸ್ಟಿರಾನ್. ಅದು ಕಿಡ್ನಿಗೆ "ಉಪ್ಪು ಹಿಡ್ಕೊ, ಪೊಟ್ಯಾಸಿಯಂ ಬಿಡು" ಅಂತ ಹೇಳೋ ಹಾರ್ಮೋನ್. ಅಡಿಸನ್ಸ್‌ನಲ್ಲಿ ಬಹಳ ಸಲ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಗ್ರಂಥಿಗಳನ್ನ ಸ್ವಲ್ಪ ಸ್ವಲ್ಪವೇ ಹಾಳು ಮಾಡುತ್ತೆ. ಬಹುಪಾಲು ಹೋಗೋ ತನಕ ಹೊರಗೆ ಗೊತ್ತಾಗಲ್ಲ. ಶಾಂತವಾಗಿದ್ದ ದಿನ ಉಳಿದಿರೋ ಚೂರೇ ಸಾಕಾಗುತ್ತೆ. ಪಟಾಕಿ ಹೊಡೆದ ದಿನ ಸಾಕಾಗಲ್ಲ. ಅಜ್ಜಿ ಹಿಡಿ ಉಪ್ಪು ಸುತ್ತಿ ಒಲೆಗೆ ಹಾಕ್ತಿದ್ದರಲ್ಲ, ಆಗ ಈ ಕೂಸಿನ ಮೈಯಿಂದಲೂ ಪ್ರತಿ ದಿನ ಉಪ್ಪು ಸೋರಿ ಹೋಗ್ತಿತ್ತು.

ಡ್ರಿಪ್ ಹಾಕಿದ ಕೂಡಲೇ ಯಾಕೆ ಸರಿ ಹೋಗ್ತಿದ್ದಳು ಅನ್ನೋದೂ ಈಗ ಅರ್ಥ ಆಯ್ತು. ಡ್ರಿಪ್ ಅಂದ್ರೆ ಉಪ್ಪುನೀರು. ಡೆಕ್ಸಾಮೆಥಸೋನ್ ಅಂದ್ರೆ ಕಾರ್ಟಿಸಾಲ್ ಜಾಗ ತುಂಬೋ ಸ್ಟಿರಾಯ್ಡ್. ಏನು ಕಾಯಿಲೆ ಅಂತ ಗೊತ್ತಿಲ್ಲದೇನೇ ಪ್ರತಿ ಸಲ ಅರ್ಧ ಚಿಕಿತ್ಸೆ ಕೊಟ್ಟು ಕಳಿಸ್ತಿದ್ದರು. ಬೇಗ ವಾಸಿಯಾಗ್ತಿದ್ದುದೇ ಸುಳಿವಾಗಿತ್ತು, ಅದನ್ನ ನಾವು ಒಳ್ಳೆ ಸುದ್ದಿ ಅಂದುಕೊಂಡು ಮನೆಗೆ ಬರ್ತಿದ್ವಿ.

ಆ ರಾತ್ರಿ ಹೃದಯ ಉಳಿಸೋಕೆ ಕ್ಯಾಲ್ಸಿಯಂ ಗ್ಲುಕೋನೇಟ್, ಜೊತೆಗೆ ಸಲೈನ್, ಗ್ಲೂಕೋಸ್. ಬೆಳಗಿನ ಜಾವ ನಾಲ್ಕಕ್ಕೆ ತಲೆ ಎತ್ತಿದಳು. ಆದರೆ ಪೊಟ್ಯಾಸಿಯಂ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಅಂತ ಆ ಡಾಕ್ಟರ್ ಹಟ ಹಿಡಿದರು. ಚಾಟಿಹುಳ ಜೋರಾಗಿದ್ದರೂ ಸೋಡಿಯಂ, ಪೊಟ್ಯಾಸಿಯಂ ಹೀಗೇ ಏರುಪೇರಾಗಿ ಅಡಿಸನ್ಸ್ ಥರವೇ ಕಾಣೋದುಂಟಂತೆ. ಖಚಿತ ಮಾಡೋಕೆ ಎಸಿಟಿಎಚ್ ಅನ್ನೋ ಪರೀಕ್ಷೆ. ಮೊದಲು ರಕ್ತ ತೆಗೆದು ಕಾರ್ಟಿಸಾಲ್ ನೋಡ್ತಾರೆ, ಗ್ರಂಥಿಯನ್ನ ಎಬ್ಬಿಸೋ ಇಂಜೆಕ್ಷನ್ ಕೊಡ್ತಾರೆ, ಕಾದು ಮತ್ತೆ ರಕ್ತ ತೆಗೀತಾರೆ. ಗ್ರಂಥಿ ಬದುಕಿದ್ದರೆ ಎರಡನೇ ಸಂಖ್ಯೆ ಜಿಗಿಯಬೇಕು. ಆ ಇಂಜೆಕ್ಷನ್ ಹುಡುಕೋಕೇ ನನಗೆ ಒಂದೂವರೆ ದಿನ, ಹನ್ನೊಂದು ಮೆಡಿಕಲ್ ಸ್ಟೋರ್ ಬೇಕಾಯ್ತು. ಬೆಲ್ಲಳ ಎರಡೂ ಸಂಖ್ಯೆ ಒಂದಕ್ಕಿಂತ ಕಡಿಮೆ ಬಂತು. ಮೊದಲೂ ಸೊನ್ನೆ ಹತ್ತಿರ, ಆಮೇಲೂ ಸೊನ್ನೆ ಹತ್ತಿರ.

ನಾನು ಒಂದು ಪ್ರಶ್ನೆ ಕೇಳಿದೆ, ನಿಮಗೂ ಬಂದಿರಬಹುದು. ಪದೇ ಪದೇ ಸ್ಟಿರಾಯ್ಡ್ ಕೊಟ್ಟಿದ್ದರಿಂದಲೇ ಗ್ರಂಥಿ ಮಲಗಿತಾ ಅಂತ. ಅವರು ಹೇಳಿದ್ದು, ಹೊರಗಿನ ಸ್ಟಿರಾಯ್ಡ್‌ನಿಂದ ಕಾರ್ಟಿಸಾಲ್ ಕೆಲಸ ಕುಗ್ಗಬಹುದು ನಿಜ, ಆದರೆ ಆಲ್ಡೋಸ್ಟಿರಾನ್ ಬೇರೆ ದಾರಿಯಲ್ಲಿ ನಡೆಯುತ್ತೆ. ಸೋಡಿಯಂ, ಪೊಟ್ಯಾಸಿಯಂ ಈ ಮಟ್ಟಕ್ಕೆ ಕೆಟ್ಟಿದೆ ಅಂದ್ರೆ ಗ್ರಂಥಿಯೇ ಹೋಗಿದೆ. ಹಳೇ ರಿಪೋರ್ಟ್‌ಗಳನ್ನೂ ತೆಗೆದು ತೋರಿಸಿದರು. ಕಾಯಿಲೆ ಬಿದ್ದು ಒತ್ತಡದಲ್ಲಿರೋ ನಾಯಿಯ ರಕ್ತದಲ್ಲಿ ಲಿಂಫೊಸೈಟ್ ಅನ್ನೋ ಬಿಳಿ ಕಣ ಕಡಿಮೆ ಆಗಬೇಕಂತೆ. ಬೆಲ್ಲಳ ಮೂರು ರಿಪೋರ್ಟ್‌ನಲ್ಲೂ ಅದು ಆರಾಮಾಗಿ ನಾರ್ಮಲ್ ಇತ್ತು. ನಾರ್ಮಲ್ ಅಂತ ಬಂದಿದ್ದೇ ಅಬ್‌ನಾರ್ಮಲ್. ಎಲೆಕ್ಟ್ರೊಲೈಟ್ ಮಾತ್ರ ಅದಕ್ಕೆ ಮುಂಚೆ ಒಬ್ಬರೂ ಮಾಡಿಸಿರಲಿಲ್ಲ, ಸಾಮಾನ್ಯ ಪ್ಯಾಕೇಜ್‌ನಲ್ಲಿ ಅದು ಇರಲಿಲ್ಲ.

ಹಂಗಂತ ಹಳೇ ಡಾಕ್ಟರ್‌ಗಳ ಮೇಲೆ ಕತ್ತಿ ಮಸೆಯೋಕೆ ನನಗೆ ಇಷ್ಟ ಇಲ್ಲ. ಇದು ಅಪರೂಪದ ಕಾಯಿಲೆ. ಬೇರೆ ಕಾಯಿಲೆಗಳ ವೇಷ ಹಾಕ್ಕೊಂಡು ಬರುತ್ತೆ ಅಂತ ವೈದ್ಯರೇ ಹೇಳ್ತಾರೆ. ಹತ್ತೊಂಬತ್ತು ತಿಂಗಳಲ್ಲಿ ನಾನು ನಾಲ್ಕು ಜನರ ಹತ್ರ ಹೋಗಿದ್ದೆ. ಪ್ರತಿಯೊಬ್ಬರೂ ನೋಡಿದ್ದು ಒಂದೋ ಎರಡೋ ಸಲದ ಕಾಯಿಲೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದೊಂದು ವೋಚರೂ ಸರಿಯಾಗೇ ಇತ್ತು, ಟ್ರಯಲ್ ಬ್ಯಾಲೆನ್ಸ್ ಯಾರೂ ಹಾಕಿರಲಿಲ್ಲ. ಡಾಕ್ಟರ್ ಬದಲಾಯಿಸಿದ್ದು ನಾನೇ, ಹಳೇ ಚೀಟಿ ಸೀರೆ ಡಬ್ಬದಲ್ಲೇ ಬಿಟ್ಟು ಹೋಗಿದ್ದೂ ನಾನೇ. ನಕ್ಕ ಆ ಒಬ್ಬರ ಮೇಲೆ ಸ್ವಲ್ಪ ಕೋಪ ಇದೆ, ಅದು ಇರಲಿ.

ಈಗ ಚಿಕಿತ್ಸೆ. ದಿನಾ ಬೆಳಿಗ್ಗೆ ಸಣ್ಣ ಪ್ರಮಾಣದ ಪ್ರೆಡ್ನಿಸೋಲೋನ್, ಜೊತೆಗೆ ಉಪ್ಪಿನ ಲೆಕ್ಕ ನೋಡಿಕೊಳ್ಳೋ ಫ್ಲುಡ್ರೊಕಾರ್ಟಿಸೋನ್. ಎರಡೂ ಮನುಷ್ಯರ ಮೆಡಿಕಲ್ ಸ್ಟೋರ್‌ನಲ್ಲೇ ಸಿಗೋ ಮಾತ್ರೆ, ಎರಡನೇದಕ್ಕೆ ಮುಂಚೆಯೇ ಹೇಳಿಡಬೇಕು. ಜೀವನಪೂರ್ತಿ. ಒಂದು ದಿನವೂ ತಪ್ಪೋ ಹಾಗಿಲ್ಲ, ನಮ್ಮಷ್ಟಕ್ಕೆ ನಾವು ನಿಲ್ಲಿಸೋ ಹಾಗಂತೂ ಇಲ್ಲವೇ ಇಲ್ಲ. ಮೊದಮೊದಲು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಈಗ ಮೂರು ತಿಂಗಳಿಗೊಮ್ಮೆ. ಪ್ರಯಾಣ, ಹಬ್ಬ, ನೆಂಟರು ಬರ್ತಾರೆ ಅಂದ್ರೆ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಪ್ರೆಡ್ನಿಸೋಲೋನ್ ಹೆಚ್ಚು ಮಾಡ್ತೀವಿ, ಆಮೇಲೆ ವಾಪಸ್ ಇಳಿಸ್ತೀವಿ. ಮನೆಯ ಕ್ಯಾಲೆಂಡರ್‌ನಲ್ಲಿ ಏಕಾದಶಿ, ಸಂಕಷ್ಟಿ ಪಕ್ಕದಲ್ಲಿ ಅಮ್ಮ ಬೆಲ್ಲಳ ಡೋಸ್ ಬರೆದಿರ್ತಾರೆ. ನೀರು ಜಾಸ್ತಿ ಕುಡೀತಾಳೆ, ರಾತ್ರಿ ಒಂದ್ಸಲ ಹೊರಗೆ ಕರೆದುಕೊಂಡು ಹೋಗಬೇಕು. ಅದು ನನ್ನ ಪಾಳಿ.

ಖರ್ಚು ಕೇಳ್ತೀರಿ ಅಂತ ಗೊತ್ತು, ನನ್ನ ಕೇಳುಗರಲ್ವಾ. ಮೊದಲ ಒಂಬತ್ತು ಸಲಕ್ಕೆ ಒಟ್ಟು 61,400 ರೂಪಾಯಿ, ಪಥ್ಯದ ಚೀಲ ಸೇರಿ. ಕೊನೇ ಸಲದ ನಾಲ್ಕು ದಿನಕ್ಕೆ 38,000. ಕಾಯಿಲೆಯ ಸುಳಿವು ಕೊಡಬಹುದಾಗಿದ್ದ ಎಲೆಕ್ಟ್ರೊಲೈಟ್ ಪರೀಕ್ಷೆಗೆ ಬಿಲ್‌ನಲ್ಲಿ ಹಾಕಿದ್ದು 900. ಈ ಮೂರು ಸಂಖ್ಯೆಗಳನ್ನ ನಾನು ಎಷ್ಟು ಸಲ ನೋಡಿದ್ದೀನೋ.

ನಿಮ್ಮ ನಾಯಿಗೂ ಹೀಗೇ ಆಗ್ತಿದೆ ಅಂತ ಬರೆದವರಿಗೆ ಎರಡು ಮಾತು. ಇದನ್ನ ಕೇಳಿ "ನಮ್ಮದೂ ಅಡಿಸನ್ಸ್" ಅಂತ ತೀರ್ಮಾನ ಮಾಡಬೇಡಿ. ಹೊಟ್ಟೆ ಪದೇ ಪದೇ ಕೆಡೋ ಹೆಚ್ಚಿನ ನಾಯಿಗಳಿಗೆ ಕಾರಣ ಊಟ, ಹುಳ, ಜಿಯಾರ್ಡಿಯಾ, ಕಸದ ಬುಟ್ಟಿ. ಅದನ್ನೇ ಮೊದಲು ನೋಡಬೇಕು. ಆದರೆ ಅದೆಲ್ಲ ಆಗಿ, ಡ್ರಿಪ್‌ಗೆ ಬೇಗ ಎದ್ದು ಕೂತು, ಕೆಲವು ವಾರಕ್ಕೆ ಮತ್ತೆ ಬೀಳ್ತಿದ್ದರೆ, ತೂಕ ಇಳೀತಿದ್ದರೆ, ಒತ್ತಡ ಆದ ಮೇಲೆ ಬರ್ತಿದ್ದರೆ, ಚಿಕ್ಕ ಅಥವಾ ನಡುವಯಸ್ಸಿನ ಹೆಣ್ಣು ನಾಯಿಯಾಗಿದ್ದರಂತೂ, ಸೋಡಿಯಂ, ಪೊಟ್ಯಾಸಿಯಂ, ಕಾರ್ಟಿಸಾಲ್ ಒಂದ್ಸಲ ನೋಡೋಣವಾ ಅಂತ ಡಾಕ್ಟರನ್ನ ಕೇಳಿ. ಕಾರ್ಟಿಸಾಲ್ 2ಕ್ಕಿಂತ ಮೇಲಿದ್ದರೆ ಅಡಿಸನ್ಸ್ ಹೆಚ್ಚುಕಮ್ಮಿ ಇಲ್ಲ ಅಂತಲೇ ಲೆಕ್ಕ, ಕಡಿಮೆ ಇದ್ದರೆ ದೊಡ್ಡ ಪರೀಕ್ಷೆ. ಸೋಡಿಯಂ, ಪೊಟ್ಯಾಸಿಯಂ ಚೆನ್ನಾಗಿರೋ ದಿನ ಸರಿಯಾಗೇ ಬರಬಹುದು, ಕೆಲವು ನಾಯಿಗಳಲ್ಲಿ ಯಾವತ್ತೂ ಕೆಡೋದೇ ಇಲ್ಲವಂತೆ. ಇತ್ತೀಚೆಗೆ ಸ್ಟಿರಾಯ್ಡ್ ಏನಾದ್ರೂ ಕೊಟ್ಟಿದ್ದರೆ ಮರೀದೇ ಹೇಳಿ, ಲೆಕ್ಕ ತಪ್ಪುತ್ತೆ. ಬಿಲ್ ಎಸೆಯಬೇಡಿ. ಶೀಟ್ ಮಾಡೋಕೆ ಬರಲ್ಲ ಅಂದ್ರೆ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಸಾಕು. ಮನೆಯಲ್ಲಿ ಏನು ನಡೀತು ಅನ್ನೋದನ್ನೂ ಬರೀರಿ, ತಟ್ಟೆಯಲ್ಲಿ ಏನಿತ್ತು ಅನ್ನೋದನ್ನ ಮಾತ್ರ ಅಲ್ಲ.

ತಾತನ ವಿಷಯ ಬಾಕಿ ಇದೆ. ಡಿಸೆಂಬರ್ ಮೊದಲ ವಾರ ಬೆಲ್ಲಳನ್ನ ಕರೆದುಕೊಂಡು ಹಳೇ ಅಪಾರ್ಟ್‌ಮೆಂಟ್‌ಗೆ ಹೋದೆ. ಅವರು ಅಲ್ಲೇ ಇದ್ದರು. ದಾರಿಯಲ್ಲಿ ಏನು ಹೇಳಬೇಕು ಅಂತ ಎಲ್ಲ ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದಿದ್ದು "ತಾತ, ಅದು ಬಿಸ್ಕತ್‌ನಿಂದ ಅಲ್ಲ" ಅನ್ನೋದಷ್ಟೇ. ಅವರು ನನ್ನನ್ನ ನೋಡಲೇ ಇಲ್ಲ, ಬೆಲ್ಲಳ ತಲೆ ಸವರ್ತಾ, "ಬಾಳ ಸೊರಗ್ಯಾಳಲ್ರಿ" ಅಂದರು. ಆಮೇಲೆ ಜೇಬಿಗೆ ಕೈ ಹಾಕಿ, ತೆಗೆಯದೆ, ನನ್ನ ಮುಖ ನೋಡಿದರು. ಕೊಡ್ಲಾ ಅಂತ.

ಕೊಡಿ ತಾತ ಅಂದೆ.

ಸರಿ, ಇಲ್ಲಿಗೆ ನಿಲ್ಲಿಸ್ತೀನಿ, ಮೈಕ್ ಪಕ್ಕದಲ್ಲೇ ಉಗುರು ಕೆರೆಯೋ ಶಬ್ದ ಕೇಳಿಸ್ತಿರಬಹುದು ನಿಮಗೆ. ಮಾತ್ರೆ ಟೈಮ್ ಆಗಿದೆ ಅಂತ ನೆನಪಿಸೋಕೆ ಬಂದಿದ್ದಾಳೆ, ಮಾತ್ರೆ ಜೊತೆ ಸಿಗೋ ಬೆಣ್ಣೆಗಾಗಿ. ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ಬಗ್ಗೆ ಮಾತಾಡೋಣ, ಮನುಷ್ಯರದ್ದು. ನಮಸ್ಕಾರ.